ಕಲ್ಲಿನ ಹತ್ತಿರ ಬಿಟ್ಟ ಮೂರು ಕುರಿಗಳು

ಇವಳಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಫೋನಿನಲ್ಲಿ ಅಷ್ಟು ಮೆತ್ತಗೆ ಮಾತಾಡುತ್ತಿದ್ದಳೇ? ಗೊತ್ತಿಲ್ಲವೆಂದರೆ, ಇಪ್ಪತ್ತಮೂರು ವರ್ಷ ಕಳೆದ ಮೇಲೆ ಮನೆಗೆ ಬರುವುದು ಬಿಟ್ಟು, ಬೆಟ್ಟದ ಮೇಲಿನ ಕಲ್ಲಿನ ಹತ್ತಿರ ಹೋಗೋಣ ಎಂದು ಯಾಕೆ ಕರೆಯಬೇಕಿತ್ತು? ಇಡ್ವಲ್ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತಾಗಿತ್ತು.

"ಆ ಬೂಟಿನೊಳಗೆ ಏನು ಹುಡುಕ್ತಿದ್ದೀಯಾ?" ಅಡುಗೆಮನೆಯಿಂದ ಹೆಂಡತಿ ಬೆರಿಲ್ ಕೂಗಿದಳು. "ಹುಡುಗಿ ಗೇಟಿನ ಹತ್ರ ಬಂದು ಹತ್ತು ನಿಮಿಷ ಆಯ್ತು. ಮದುವೆ ಹೆಣ್ಣೂ ಇಷ್ಟು ಹೊತ್ತು ಮಾಡಲ್ಲ."

"ಮೊಣಕಾಲು," ಎಂದ ಅವನು.

"ಮೊಣಕಾಲು ಬೂಟಿನೊಳಗಿರುತ್ತಾ?" ಅವಳು ಚಹಾದ ಫ್ಲಾಸ್ಕು ತಂದು ಅವನ ಕೋಟಿನ ಜೇಬಿಗೆ ತುರುಕಿದಳು. ಆಮೇಲೆ ದನಿ ಇಳಿಸಿ, "ನೆಸ್ಟಾ ಈ ವಾರ ದಾಟಲ್ಲವಂತೆ. ಆ ಹುಡುಗಿ ಏನು ಕೇಳಿದ್ರೂ ಸಮಾಧಾನದ ಮಾತಾಡು. ಚಾಪೆಲ್ ಹಿರಿಯನ ಮುಖ ಹಾಕ್ಕೊಂಡು ನಿಂತುಬಿಡಬೇಡ," ಎಂದಳು.

ಆ ಮುಖ ಅವನಿಗೆ ಮೂವತ್ತು ವರ್ಷಗಳದ್ದು. ಚಾಪೆಲ್ಲಿನಲ್ಲಿ, ಊರಿನ ಆ ಪ್ರಾರ್ಥನಾಮಂದಿರದಲ್ಲಿ, ಪ್ರಸಂಗಪೀಠದ ಕೆಳಗೆ, ಜನರ ಕಡೆಗೆ ಮುಖಮಾಡಿ ಹಿರಿಯರು ಕೂರುವ ದೊಡ್ಡ ಸೀಟಿದೆ. ಅಲ್ಲಿ ಕೂತವನನ್ನು ಎಲ್ಲರೂ ನೋಡುತ್ತಾರೆ. ಅವನೂ ಎಲ್ಲರನ್ನೂ ನೋಡುತ್ತಾನೆ. ಹಾವೊಡ್ ಇಡ್ವಲ್ ಎಂದರೆ, ಹಾವೊಡ್ ಎಂಬ ಆ ಬೆಟ್ಟದ ಜಮೀನಿನ ಇಡ್ವಲ್ ಎಂದರೆ, ಮಾತಿಗೆ ತಪ್ಪದ ಮನುಷ್ಯ ಎಂದು ಕಣಿವೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಗೇಟಿನ ಹತ್ತಿರ ಹೆಲೆದ್ ನಿಂತಿದ್ದಳು. ಪಕ್ಕದ ಬ್ರಿನ್‌ಗ್ಲಾಸ್ ಜಮೀನಿನ ಕ್ಲೆಡ್ವಿನ್‌ನ ಒಬ್ಬಳೇ ಮಗಳು. ಈಗ ಸಮುದ್ರದ ಕಡೆಯ ಊರೊಂದರಲ್ಲಿ ಶಾಲಾ ಶಿಕ್ಷಕಿ. ಕ್ಲೆಡ್ವಿನ್ ಸತ್ತು ಇಪ್ಪತ್ತೊಂದು ವರ್ಷ. ತಾಯಿ ನೆಸ್ಟಾ ಕೆಳಗಿನ ಪೇಟೆಯ ವೃದ್ಧರ ಶುಶ್ರೂಷಾಲಯದಲ್ಲಿ ಕೊನೆಯ ದಿನ ಎಣಿಸುತ್ತಿದ್ದಳು.

"ಅಂಕಲ್, ನಿಮ್ಮನ್ನ ಸುಮ್ಮನೆ ಹತ್ತಿಸ್ತಿದ್ದೀನೇನೋ," ಎಂದಳು ಹೆಲೆದ್.

"ಹತ್ತೋದು ಏನಿಲ್ಲ ಮರಿ. ಇಳಿಯೋವಾಗ ನೀನು ಹೊರಬೇಕಾಗುತ್ತೆ."

"ಚಿಕ್ಕವಳಿದ್ದಾಗ ನೀವು ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿದ್ರಿ. ನೆನಪಿದ್ಯಾ? ನಿಮ್ಮ ಟೊಪ್ಪಿಗೆಗೆ ವಾಂತಿ ಮಾಡಿದ್ದೆ."

"ಆ ಟೊಪ್ಪಿಗೆ ಇನ್ನೂ ಇದೆ. ಭಾನುವಾರ ಹಾಕ್ಕೊಳ್ಳಲ್ಲ ಅಷ್ಟೆ."

ಅವಳು ನಕ್ಕಳು. ಕ್ಲೆಡ್ವಿನ್‌ನ ನಗು ಅದು. ಮೂಗಿನಲ್ಲಿ ಶುರುವಾಗಿ ಬಾಯಿಗೆ ಬರುವ ಮೊದಲೇ ನಿಂತುಹೋಗುವ ನಗು. ಇಡ್ವಲ್ ಮುಂದೆ ನಡೆದ.

ಅಕ್ಟೋಬರ್ ತಿಂಗಳ ಬೆಟ್ಟ. ಜರಿಗಿಡಗಳೆಲ್ಲ ಕಂದಾಗಿ ಮುರಿದುಬಿದ್ದಿದ್ದವು. ಕಲ್ಲಿನ ಗೋಡೆ ಮುಗಿಯುವಲ್ಲಿ ಏಳೆಂಟು ಕುರಿಗಳು ದಾರಿಗೆ ಅಡ್ಡ ನಿಂತು ಇವರನ್ನೇ ನೋಡಿದವು.

"ಯಾರವು?"

"ನಮ್ಮವೇ. ಇಲ್ಲಿರಬೇಕಾದವಲ್ಲ. ಎಷ್ಟು ಸಲ ಮೇಲೆ ಅಟ್ಟಿದ್ರೂ ರಸ್ತೆಗೆ ಬರ್ತವೆ. ಇವಕ್ಕೆ ಜಾಗ ಗೊತ್ತಿಲ್ಲ."

ಹಿಂದಿನ ಕುರಿಗಳಿಗೆ ಗೊತ್ತಿತ್ತು. ಬೆಟ್ಟದ ಮೇಲೆ ಬೇಲಿಯಿರಲಿಲ್ಲ. ಹಾವೊಡ್‌ನ ಕುರಿ ಎಲ್ಲಿಯವರೆಗೆ ಮೇಯಬೇಕು, ಬ್ರಿನ್‌ಗ್ಲಾಸ್‌ನದು ಎಲ್ಲಿಂದ ಶುರು ಎಂಬುದನ್ನು ತಾಯಿ ಕುರಿಯೇ ಮರಿಗೆ ಕಲಿಸುತ್ತಿತ್ತು. ಆ ಮರಿ ತನ್ನ ಮರಿಗೆ. ಯಾವ ಕಾಲದಿಂದ ಎಂದು ಹೇಳುವವರು ಯಾರೂ ಇರಲಿಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಕಾಲುಬಾಯಿ ಜ್ವರ ಬಂದಾಗ, ಅದು ಹರಡದಿರಲೆಂದು ಸರ್ಕಾರದವರು ಐದು ಜಮೀನುಗಳ ನಾಲ್ಕು ಸಾವಿರ ಕುರಿಗಳನ್ನು ಒಂದೇ ವಾರದಲ್ಲಿ ಅಂಗಳಗಳಿಗೆ ಇಳಿಸಿ ಕೊಂದರು. ಆಮೇಲೆ ಬೇರೆ ಸೀಮೆಯಿಂದ ತಂದುಬಿಟ್ಟ ಕುರಿಗಳಿಗೆ ಕಲಿಸಲು ಒಂದು ತಾಯಿಯೂ ಉಳಿದಿರಲಿಲ್ಲ.

ರೋಗ ಮೊದಲು ಸಿಕ್ಕಿದ್ದು ಬ್ರಿನ್‌ಗ್ಲಾಸ್‌ನಲ್ಲಿ. ಆದ್ದರಿಂದ ಬೆಟ್ಟಕ್ಕೆ ರೋಗ ತಂದವನು ಕ್ಲೆಡ್ವಿನ್ ಎಂದಾಯಿತು. ಅದಕ್ಕೆ ಮೂರು ವಾರ ಮೊದಲು ದಲ್ಲಾಳಿಯೊಬ್ಬನ ಲಾರಿ ಅವನ ಗೇಟಿನ ಮುಂದೆ ನಿಂತದ್ದನ್ನು ಅಂಚೆಯವನು ಕಂಡಿದ್ದ. ಕಾಗದಪತ್ರವಿಲ್ಲದೆ, ಸಂತೆಯ ಹೊರಗೆ ಕುರಿ ಮಾರುವ ದಲ್ಲಾಳಿ. ಲಾರಿ ತನಗಾಗಿ ಬಂದದ್ದಲ್ಲ ಎಂದು ಕ್ಲೆಡ್ವಿನ್ ಹೇಳಿದ. ಮತ್ತಾರಿಗೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಬಂದದ್ದು ಇಡ್ವಲ್‌ಗೆ. ಆ ಲಾರಿ ಹಾವೊಡ್‌ನ ಏರು ಹತ್ತಲಾರದೆ ಬ್ರಿನ್‌ಗ್ಲಾಸ್ ಗೇಟಿನಲ್ಲೇ ನಿಂತಿತು. ಇಡ್ವಲ್ ಅಲ್ಲಿಯೇ ಇಪ್ಪತ್ತು ಕುರಿಗಳನ್ನು ಇಳಿಸಿಕೊಂಡು ನಾಯಿಯ ಜೊತೆ ಮನೆಗೆ ನಡೆಸಿದ. ಚೆನ್ನಾಗಿದ್ದವು. ಒಂದೆರಡು ಸ್ವಲ್ಪ ಕುಂಟುತ್ತಿದ್ದವು, ಅಷ್ಟೆ. ಫೆಬ್ರವರಿಯ ಕೆಸರಿನಲ್ಲಿ ಯಾವ ಕುರಿ ಕುಂಟುವುದಿಲ್ಲ? ಅದೇ ವಾರ ಹಿಮ ಬಿದ್ದಾಗ ಕ್ಲೆಡ್ವಿನ್‌ನ ಮೂರು ಕುರಿಗಳು ಗೋಡೆ ಹಾರಿ ಬಂದು ಆ ಇಪ್ಪತ್ತರ ಜೊತೆ ಸೇರಿಕೊಂಡು ಮೇವು ತಿಂದವು. ಎಡಗಿವಿಯ ತುದಿ ಕತ್ತರಿಸಿ, ಬಲಗಿವಿಯ ಕೆಳಗೆ ಒಂದು ಕಚ್ಚು: ಬ್ರಿನ್‌ಗ್ಲಾಸ್‌ನ ಗುರುತು. ಆಮೇಲೆ, ದೇಶದ ಬೇರೆ ಕಡೆ ರೋಗ ಕಾಣಿಸಿದ್ದರಿಂದ, ಸರ್ಕಾರದ ಆಜ್ಞೆ ಬಂತು. ಒಂದು ಕುರಿಯನ್ನೂ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ದಾಟಿಸುವಂತಿಲ್ಲ.

ಆದರೆ ಆ ಬೆಟ್ಟದಲ್ಲಿ ದಾರಿತಪ್ಪಿ ಬಂದ ಕುರಿಯನ್ನು ಯಾರೂ ಭಾನುವಾರದ ಆಚೆಗೆ ಇಟ್ಟುಕೊಳ್ಳುವುದಿಲ್ಲ. ನಿಂತ ಕಲ್ಲಿನ ಪಕ್ಕ ಸೊಂಟದೆತ್ತರದ ಒಂದು ಗೋಡೆದೊಡ್ಡಿಯಿದೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಬಿಟ್ಟು ಬರಬೇಕು. ಒಡೆಯ ಬಂದು ಕಿವಿ ನೋಡಿ ತನ್ನದನ್ನು ಕರೆದೊಯ್ಯಬೇಕು. ಬಿಟ್ಟವನು ಬಿಟ್ಟೆ ಎನ್ನುವುದಿಲ್ಲ, ಒಯ್ದವನು ಯಾರು ಬಿಟ್ಟರೆಂದು ಕೇಳುವುದಿಲ್ಲ, ಉಪಕಾರ ಸ್ಮರಿಸುವುದೂ ಇಲ್ಲ. ಅದನ್ನು ಬಾಯಲ್ಲಿ ಆಡುವುದೇ ಅವಮಾನ. ಇಡ್ವಲ್‌ನ ಅಪ್ಪ ಹಾಗೆ ಮಾಡಿದ್ದ, ಅಜ್ಜ ಮಾಡಿದ್ದ. ಶನಿವಾರ ಬೆಳಗಿನ ಜಾವ ಇಡ್ವಲ್ ಆ ಮೂರನ್ನೂ ಹತ್ತಿಸಿ, ದೊಡ್ಡಿಯೊಳಗೆ ಬಿಟ್ಟು, ಅಡ್ಡಗಂಬ ಹಾಕಿ ಇಳಿದು ಬಂದಿದ್ದ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದಲೇ ಬಂದಿದ್ದ.

ಬ್ರಿನ್‌ಗ್ಲಾಸ್‌ನ ಕುರಿಗಳಲ್ಲಿ ರೋಗ ಖಚಿತವಾದ ಕೂಡಲೇ ಸುತ್ತಲಿನ ನಾಲ್ಕು ಜಮೀನುಗಳ ಕುರಿಗಳನ್ನು ಪರೀಕ್ಷೆಯನ್ನೂ ಮಾಡದೆ ಕೊಂದರು. ಹಾಗಾಗಿ ಹಾವೊಡ್‌ನ ಆ ಇಪ್ಪತ್ತರ ಕಾಲನ್ನು ಯಾರೂ ಎತ್ತಿ ನೋಡಲಿಲ್ಲ.

"ಅಗೋ, ಯಾರೋ ಇದ್ದಾರೆ," ಎಂದಳು ಹೆಲೆದ್.

ಕಲ್ಲು ಕಾಣಿಸಿತ್ತು. ಇಬ್ಬರಾಳೆತ್ತರ, ಮೇಲ್ಗಡೆ ಒಂದು ಬದಿಗೆ ಸವೆದು, ಗಾಳಿಗೆ ಬೆನ್ನು ಕೊಟ್ಟು ನಿಂತ ಮುದುಕಿಯ ಹಾಗೆ. ಅದರ ಬುಡದಲ್ಲಿ ನಗರದ ಕಡೆಯ ಗಂಡಹೆಂಡಿರಿಬ್ಬರು, ಹೊಸ ಬಣ್ಣದ ಮಳೆಕೋಟು ತೊಟ್ಟವರು. ಗಂಡಸು ಕಣ್ಣು ಮುಚ್ಚಿ ಕಲ್ಲಿಗೆ ಕೆನ್ನೆ ಒತ್ತಿ ನಿಂತಿದ್ದ. ಹೆಂಗಸು ಇವರನ್ನು ಕಂಡು ಪಿಸುಗುಟ್ಟಿದಳು:

"ಇಲ್ಲಿ ಏನೋ ಶಕ್ತಿ ಇದೆ, ಅಲ್ವಾ? ನೀವು ಇಲ್ಲಿಯವರಾ? ಮುಟ್ಟಿದ್ರೆ ನಿಮಗೂ ಏನಾದ್ರೂ ಆಗುತ್ತಾ?"

"ನೆಗಡಿ," ಎಂದ ಇಡ್ವಲ್.

"ಇದನ್ನ ಯಾತಕ್ಕೆ ನೆಟ್ಟಿದ್ರು ಅಂತ ನಿಮ್ಮ ಹಿರಿಯರು ಹೇಳ್ತಿದ್ರಾ?"

"ಯಾತಕ್ಕೆ ನೆಟ್ರೋ ಗೊತ್ತಿಲ್ಲ. ಕುರಿ ಮೈ ತುರಿಸ್ಕೊಳ್ತವೆ. ಈಗ ನಿಮ್ಮ ಯಜಮಾನ್ರು ಮುಖ ಇಟ್ಟಿದ್ದಾರಲ್ಲ, ಅಲ್ಲೇ ಟಗರುಗಳು ಬೆನ್ನು ಹಾಕೋದು."

ಗಂಡಸು ಕಣ್ಣು ತೆರೆದ. ಕೆನ್ನೆ ಒರೆಸಿಕೊಂಡು, ತಮಾಷೆಯೆಂದು ತಿಳಿದು ನಗಲು ನೋಡಿದ. ಸ್ವಲ್ಪ ಹೊತ್ತಿಗೆ ಇಬ್ಬರೂ ಇಳಿದು ಹೋದರು. ಹೆಲೆದ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವಳು, ಅವರು ಮರೆಯಾದ ಮೇಲೆ ಕೈ ಇಳಿಸಿದಳು.

ಕುರಿಗಳು ಉಜ್ಜುವ ಎತ್ತರದಲ್ಲಿ ಕಲ್ಲು ಕಪ್ಪಾಗಿ, ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು. ಕುರಿಗಳನ್ನು ಕೊಂದ ಮೇಲಿನ ಎರಡು ವರ್ಷ, ಬೆಟ್ಟದ ಮೇಲೆ ಒಂದು ಕುರಿಯೂ ಇಲ್ಲದಾಗ, ಇದರ ಬುಡದಲ್ಲಿ ಹುಲ್ಲು ಎದೆಯುದ್ದ ಬೆಳೆದಿತ್ತು. ಆಗ ಒಮ್ಮೆ ಒಬ್ಬನೇ ಬಂದಿದ್ದ ಇಡ್ವಲ್ ಆ ಹುಲ್ಲಿನ ಸದ್ದು ಕೇಳಲಾರದೆ ಹಿಂತಿರುಗಿದ್ದ.

ಇಬ್ಬರೂ ದೊಡ್ಡಿಯ ಗೋಡೆಯ ಮೇಲೆ ಕುಳಿತರು. ಇಡ್ವಲ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳಿಗೆ ಕೊಟ್ಟ.

"ಪಾದ್ರಿಗಳು ನಿನ್ನೆ ಕೇಳಿದ್ರು," ಹೆಲೆದ್ ಶುರುಮಾಡಿದಳು. "ಮಣ್ಣು ಎಲ್ಲಿ ಮಾಡೋದು ಅಂತ. ಅಪ್ಪನ ಗೋರಿಕಲ್ಲಲ್ಲಿ ಅಮ್ಮನ ಹೆಸರಿಗೆ ಜಾಗ ಬಿಟ್ಟಿದೆ. ಅಮ್ಮ ಬೇಡ ಅಂತಾಳೆ. ಆಚೆ ಕಣಿವೇಲಿ ಅಜ್ಜ ಅಜ್ಜಿ ಹತ್ರ ಹಾಕು ಅಂತಾಳೆ. 'ಸುಳ್ಳುಗಾರನ ಪಕ್ಕ ಬದುಕಿದ್ದಾಗ ಮಲಗಿದ್ದೇ ಸಾಕು' ಅಂದ್ಲು. ಎದ್ದು ನೀರು ಕುಡಿಯೋಕಾಗಲ್ಲ ಅವಳಿಗೆ, ಇದನ್ನ ಮಾತ್ರ ಸ್ಪಷ್ಟವಾಗಿ ಹೇಳಿದ್ಲು."

ಇಡ್ವಲ್ ಕೆಳಗಿನ ಬ್ರಿನ್‌ಗ್ಲಾಸ್ ಮನೆಯ ಚಾವಣಿಯನ್ನು ನೋಡುತ್ತಿದ್ದ.

"ಅವಳ ಸಿಟ್ಟು ಕುರಿ ಸತ್ತವು ಅಂತ ಅಲ್ಲ ಅಂಕಲ್. ಐದು ಮನೆ ಹಾಳು ಮಾಡಿ, ಎದುರು ಕೂತು ತನಗೇ ಸುಳ್ಳು ಹೇಳಿದ್ನಲ್ಲ ಅಂತ. ನಾನು ಕೇಳಿದೆ, ಅಪ್ಪ ಸುಳ್ಳು ಹೇಳದೆ ಇದ್ದಿದ್ರೆ? ಅದಕ್ಕೆ ಅವಳು ಏನಂದ್ಲು ಗೊತ್ತಾ? 'ಹಾವೊಡ್ ಇಡ್ವಲ್ ಹೇಳಲಿ. ಅವನು ಹೇಳಿದ್ರೆ ನಂಬ್ತೀನಿ. ಅವನು ಹೇಳಿದ್ರೆ ಕ್ಲೆಡ್ವಿನ್ ಪಕ್ಕಾನೇ ಹಾಕಿ.' ಅಷ್ಟೇ ಅಂದಿದ್ದು."

ಗಾಳಿ ಒಮ್ಮೆ ಜೋರಾಗಿ ಬೀಸಿ ಚಹಾದ ಮೇಲೆ ಸುಕ್ಕು ಎಬ್ಬಿಸಿತು.

"ನನಗೆ ಒಂದು ನೆನಪಿದೆ," ಎಂದಳು ಅವಳು. "ಅದಕ್ಕೇ ನಿಮ್ಮನ್ನ ಇಲ್ಲಿಗೆ ಕರೆದದ್ದು. ಮನೇಲಿ ಕೂತು ಹೇಳಿದ್ರೆ ಕನಸು ಅಂತ ನನಗೇ ಅನ್ನಿಸ್ತಿತ್ತು. ಆಗ ನನಗೆ ಒಂಬತ್ತು. ಸ್ಕೂಲು ಮುಚ್ಚಿತ್ತು, ರಸ್ತೇಲೆಲ್ಲ ಔಷಧಿ ಹಾಕಿದ ಹುಲ್ಲು ಹಾಸಿದ್ರು. ಆ ಬೆಳಿಗ್ಗೆ ಅಪ್ಪ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ರು. ಈ ದೊಡ್ಡೀಲಿ ನಮ್ಮವು ಮೂರು ಕುರಿ ಇದ್ವು. ಯಾರು ಬಿಟ್ಟಿದ್ದು ಅಂತ ಕೇಳಿದೆ. ಕೇಳಬಾರದು ಅಂದ್ರು. ಹಿಮದ ಮೇಲೆ ಬೂಟಿನ ಗುರುತಿತ್ತು. ಬಂದದ್ದು, ಹೋದದ್ದು, ಎರಡೂ ಚೆನ್ನಾಗಿ ಕಾಣಿಸ್ತಿತ್ತು. ಅಪ್ಪ ಅದನ್ನ ನೋಡಿದ್ರು. ಆಮೇಲೆ ಕಾಲಿನಿಂದ ಒಂದೊಂದೇ ಹೆಜ್ಜೆ ಅಳಿಸ್ತಾ ಹೋದ್ರು. ನಾನು ಆಟ ಅಂದ್ಕೊಂಡು ಜೊತೇಲಿ ಅಳಿಸಿದೆ. ಆ ಗೋಡೆ ತನಕ ಅಳಿಸಿದ್ವಿ."

ಇದು ಇಡ್ವಲ್‌ಗೆ ಗೊತ್ತಿರಲಿಲ್ಲ.

ಕ್ಲೆಡ್ವಿನ್‌ಗೆ ತಿಳಿದಿತ್ತೆಂಬುದು ಗೊತ್ತಿತ್ತು. ಸುಡುವ ದಿನಗಳಲ್ಲಿ ಒಮ್ಮೆ ಅವರು ಗಡಿಗೋಡೆಯ ಆಚೀಚೆ ಎದುರಾಗಿದ್ದರು. ಹಳೆಯ ರೈಲುಹಳಿಯ ಮರದ ದಿಮ್ಮಿಗಳ ಮೇಲೆ ಕುರಿಗಳನ್ನು ಒಟ್ಟಿ ಬೆಂಕಿಯಿಟ್ಟಿದ್ದರು. ಉಣ್ಣೆ ಸುಟ್ಟ ಹೊಗೆ ಕಣಿವೆಯ ತಳದಲ್ಲೇ ಕೂತಿತ್ತು. ಕ್ಲೆಡ್ವಿನ್ ಗೋಡೆಯ ಮೇಲೆ ಕೈಯಿಟ್ಟು, "ಮೂರೂ ಬಂದ್ವು, ಇಡ್ವಲ್," ಎಂದಿದ್ದ. ಆ ಬೆಟ್ಟದಲ್ಲಿ ಯಾರೂ ಆಡದ ಮಾತು ಅದು. ಆಡಿ, ಇಡ್ವಲ್‌ನ ಬಾಯನ್ನೇ ನೋಡುತ್ತ ನಿಂತಿದ್ದ. ಗಾಳಿ ಸಂಜೆಗೆ ದಿಕ್ಕು ಬದಲಾಯಿಸಬಹುದು ಎಂದು ಇಡ್ವಲ್ ಹೇಳಿದ್ದ. ಕ್ಲೆಡ್ವಿನ್ ತಲೆಯಾಡಿಸಿ ಹೋಗಿದ್ದ. ಆಮೇಲೆ ಎರಡು ವರ್ಷ ಪ್ರತಿ ಭಾನುವಾರ ಚಾಪೆಲ್ಲಿಗೆ ಬಂದ. ಅವನ ಸುತ್ತ ಒಂದೊಂದು ಸಾಲು ಬೆಂಚು ಖಾಲಿ ಉಳಿಯುತ್ತಿದ್ದುದನ್ನು ದೊಡ್ಡ ಸೀಟಿನಲ್ಲಿ ಕೂತವನು ಪ್ರತಿ ವಾರವೂ ನೋಡಿದ. ಆಮೇಲೆ, ನಲವತ್ತು ವರ್ಷ ಓಡಿಸಿದ ಇಳಿಜಾರಿನಲ್ಲೇ ಕ್ಲೆಡ್ವಿನ್‌ನ ಟ್ರ್ಯಾಕ್ಟರು ಮಗುಚಿತು. ಅಪಘಾತ ಎಂದು ಬರೆದುಕೊಂಡರು. ಯಾರೂ ಬೇರೆ ಏನೂ ಹೇಳಲಿಲ್ಲ.

"ಅಂದ್ರೆ ಆಜ್ಞೆ ಆದ ಮೇಲೂ ಯಾರೋ ಆ ಕುರಿಗಳನ್ನ ಇಲ್ಲಿ ತಂದು ಬಿಟ್ರು," ಹೆಲೆದ್ ಮುಂದುವರಿಸಿದಳು. ದನಿ ಶಾಲೆಯಲ್ಲಿ ಲೆಕ್ಕ ಬಿಡಿಸುವವಳ ಹಾಗೆ ನಿಧಾನವಾಗಿತ್ತು. "ಅವರ ಮನೇಲಿ ಮೊದಲೇ ರೋಗ ಇತ್ತು. ಲಾರಿನೂ ಅವರದ್ದೇ. ನಮ್ಮ ಓಣಿಯಿಂದ ಮೇಲೆ ಇರೋದು ಎರಡೇ ಮನೆ. ನಿಮ್ಮದು, ಪೆನ್ರಿದು. ಪೆನ್ರಿ ಅಲ್ವಾ ಅಂಕಲ್?"

ಪೆನ್ರಿ! ನಾಯಿಗೆ ಹಾಕುವ ಬಿಸ್ಕತ್ತನ್ನು ಅತಿಥಿಗೂ ಇಡುತ್ತಿದ್ದವನು, ಸಂತೆಯಲ್ಲಿ ತನ್ನ ಕುಂಟು ಟಗರನ್ನು ಎರಡು ಸಲ ಒಬ್ಬನಿಗೇ ಮಾರಿದವನು. ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ಅವನೇ ಮಾಡಿದ್ದೆಂದರೆ ಕಣಿವೆಯಲ್ಲಿ ಒಬ್ಬರೂ ಹುಬ್ಬೇರಿಸುವುದಿಲ್ಲ. ತಾನಿರಬಹುದೆಂಬುದು ಅವಳ ತಲೆಗೇ ಹೊಳೆದಿಲ್ಲ. ಎರಡೇ ಮನೆ ಎಂದು ತಾನೇ ಎಣಿಸಿ, ಒಂದನ್ನು ನೋಡದೆಯೇ ದಾಟಿಬಿಟ್ಟಿದ್ದಾಳೆ.

"ನೀವು ಬಾಯಿಬಿಟ್ಟು ಹೇಳೋದೂ ಬೇಡ," ಎಂದಳು. "ಸುಮ್ಮನೆ ತಲೆ ಆಡಿಸಿ. ನಾನು ಇವತ್ತೇ ಹೋಗಿ ಅಮ್ಮನಿಗೆ ಹೇಳ್ತೀನಿ."

ತಲೆಯಾಡಿಸಿದರೆ ಸಾಕು. ನೆಸ್ಟಾ ಗಂಡನ ಪಕ್ಕ ಮಲಗುತ್ತಾಳೆ. ಕ್ಲೆಡ್ವಿನ್‌ನ ಹೆಸರಿಗಂಟಿದ ಮಸಿ ತೊಳೆದುಹೋಗುತ್ತದೆ. ಪೆನ್ರಿಗೆ ಏನೂ ಆಗುವುದಿಲ್ಲ. ಆದರೆ ಸತ್ತವನ ಮೇಲೆ ಸುಳ್ಳು ಹೊರಿಸುವುದೇ? ಇಡ್ವಲ್ ಜೀವನದಲ್ಲಿ ಸುಳ್ಳು ಹೇಳಿದವನಲ್ಲ. ಆ ಎಲ್ಲ ವರ್ಷಗಳಲ್ಲಿ ಒಬ್ಬರೂ ಅವನನ್ನು ನೇರವಾಗಿ ಕೇಳಿರಲಿಲ್ಲ, ಅವನು ಒಂದು ಸುಳ್ಳನ್ನೂ ಆಡಬೇಕಾಗಿರಲಿಲ್ಲ. ಈಗ ಆಡುವುದಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಎದೆಯಲ್ಲಿ ಏನೋ ಹಗುರಾಯಿತು. ಧರ್ಮವಂತನಿಗೆ ಆಗುವಂಥ ಹಗುರ. ಅದರ ಹಿಂದೆಯೇ ಹೇಸಿಗೆಯೂ ಬಂತು.

ಉಳಿದದ್ದು ಒಂದೇ ದಾರಿ. ಅದು ಬಹಳ ಚಿಕ್ಕ ಮಾತು. ಕಾನೂನಿನ ಹೆದರಿಕೆ ಈಗಿಲ್ಲ. ಆ ಕಡತಗಳನ್ನು ಇಲಿ ತಿಂದಿರಬಹುದು. ಬೆರಿಲ್ ಮೂರು ದಿನ ಮಾತು ಬಿಡಬಹುದು, ಆಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ದೊಡ್ಡ ಸೀಟು ಹೋಗುತ್ತದೆ. ಹೋದರೇನು, ಚಾಪೆಲ್ಲಿಗೆ ಬರುವವರೇ ಹದಿನೊಂದು ಜನ. ಯಾವುದಕ್ಕೂ ಹೆದರಬೇಕಾಗಿಲ್ಲ ಎಂದು ತಿಳಿದಷ್ಟೂ ನಾಲಿಗೆ ಭಾರವಾಯಿತು. ಹೆದರಿಕೆಯಿಂದ ಸುಮ್ಮನಿದ್ದೆನೆಂದು ಇಷ್ಟು ವರ್ಷ ನಂಬಿದ್ದ. ಹೆದರಿಕೆ ಹೋದ ಮೇಲೂ ಮೌನ ಹಾಗೆಯೇ ನಿಂತಿತ್ತು. ಹೇಳಿದರೆ ಅವಳು ಮೊದಲು ಕೇಳುವುದು ಇದೊಂದೇ: ಹಾಗಾದರೆ ಅಪ್ಪ ಇದ್ದಾಗ ಯಾಕೆ ಹೇಳಲಿಲ್ಲ?

"ಅಂಕಲ್?"

"ನೆನಪಿಲ್ಲ, ಮರಿ."

"ನೆನಪಿಲ್ವಾ, ಹೇಳಬಾರದಾ?"

"ಬಹಳ ಹಿಂದಿನ ಮಾತು. ಆಗ ಯಾರು ಏನು ಮಾಡಿದ್ರು ಅಂತ..." ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದ. ಆಗಲೇ ಬಿಗಿಯಾಗಿತ್ತು. "ಪೆನ್ರಿ ಅಂತ ನಾನು ಹೇಳಲಾರೆ. ನೋಡಿದವನಲ್ಲ."

ಅವಳು ಅವನ ಮುಖವನ್ನು ನೋಡಿದಳು. ಒಂದು ಕ್ಷಣ, ಆ ನೋಟ ಅಲ್ಲಿಯೇ ನಿಂತು ಒಳಗೆ ಇಳಿದೀತೆಂದು ಅವನು ಕಾದ. ಇಳಿಯಲಿ ಎಂದು ಬಯಸಿದನೋ ಏನೋ. ಆದರೆ ಅವಳ ಕಣ್ಣು ತುಂಬಿಕೊಂಡಿತು; ಏನೂ ಕಾಣದಾಯಿತು.

"ಕ್ಷಮಿಸಿ," ಎಂದಳು. "ನಿಮ್ಮನ್ನ ಕಷ್ಟಕ್ಕೆ ಸಿಕ್ಕಿಸಿಬಿಟ್ಟೆ. ನೋಡದೆ ಇರೋದನ್ನ ನೀವು ಹೇಳೋರಲ್ಲ ಅಂತ ಗೊತ್ತು. ಅದಕ್ಕೇ ತಾನೇ ಅಮ್ಮ ನಿಮ್ಮ ಹೆಸರು ಹೇಳಿದ್ದು."

ಅವಳು ಎದ್ದು ಕಲ್ಲಿನ ಹತ್ತಿರ ಹೋಗಿ ಆ ನುಣುಪಾದ ಜಾಗಕ್ಕೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ತಿರುಗಿ ಬಂದು ಅವನಿಗೆ ತೋಳು ಕೊಟ್ಟಳು. ಇಳಿಯುವಾಗ ಒದ್ದೆ ಹುಲ್ಲಿನಲ್ಲಿ ಅವನ ಮೊಣಕಾಲು ಎರಡು ಸಲ ಕೈಕೊಟ್ಟಿತು. ಎರಡು ಸಲವೂ ಅವಳು ಹಿಡಿದುಕೊಂಡಳು.

"ತೂಕ ಇದ್ದೀರಿ ಅಂಕಲ್," ಎಂದು ನಗಲು ನೋಡಿದಳು.

"ಬೆರಿಲ್‌ದು ತಪ್ಪು. ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಜಾಸ್ತಿ ಹಾಕ್ತಾಳೆ," ಎಂದ ಅವನು. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಗೇಟಿನ ಹತ್ತಿರ ಅವಳು ಅವನ ಕೆನ್ನೆಗೆ ಮುತ್ತಿಟ್ಟು ಕಾರು ಹತ್ತಿದಳು. ಬೆರಿಲ್ ಬಾಗಿಲಲ್ಲಿ ನಿಂತು, "ಏನು ಕೇಳಿದ್ಲು?" ಎಂದಳು.

"ಕ್ಲೆಡ್ವಿನ್ ವಿಷಯ."

"ಒಳ್ಳೇ ಮಾತು ಹೇಳಿದೆ ತಾನೇ?"

"ಕೆಟ್ಟದ್ದೇನೂ ಹೇಳಲಿಲ್ಲ," ಎಂದು ಬೂಟು ಬಿಚ್ಚಲು ಕುಳಿತ.

ನೆಸ್ಟಾ ಗುರುವಾರ ಮಧ್ಯಾಹ್ನ ಹೋದಳು. ಹೋಗುವ ಮೊದಲು, "ಇಡ್ವಲ್ ಏನಂದ?" ಎಂದು ಮಗಳನ್ನು ಎರಡು ಸಲ ಕೇಳಿದಳಂತೆ. ಸೋಮವಾರ ಆಚೆ ಕಣಿವೆಯ ಚಾಪೆಲ್ಲಿನ ಹಿತ್ತಲಲ್ಲಿ, ತಂದೆತಾಯಿಯರ ಕಾಲದೆಸೆಯಲ್ಲಿ ಅವಳನ್ನು ಹೂಳಿದರು. ಮಳೆ ಹನಿಯುತ್ತಿತ್ತು. ಪಾದ್ರಿಗೆ ಗಂಟಲು ಕಟ್ಟಿದ್ದರಿಂದ ಕೊನೆಯ ಪ್ರಾರ್ಥನೆಯನ್ನು ಹಿರಿಯನಾದ ಇಡ್ವಲ್‌ನೇ ಮಾಡಿದ. ಚೆನ್ನಾಗಿ ಮಾಡಿದನೆಂದು ಎಲ್ಲರೂ ಹೇಳಿದರು. ಹೆಲೆದ್ ಎರಡು ಕೈಯಿಂದ ಅವನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅವಳ ಹಿಂದೆ ಕೈಕುಲುಕಲು ಇನ್ನೂ ನಾಲ್ಕಾರು ಜನ ಕಾಯುತ್ತಿದ್ದರು.

ನಿನ್ನ ಅಪ್ಪ ಸುಳ್ಳು ಹೇಳಿರಲಿಲ್ಲ ಎಂದು ಇಡ್ವಲ್ ಅವಳಿಗೆ ಹೇಳಲಿಲ್ಲ.